ಬಿಲ್ಲು ಕಳೆದುಹೋಗಿದೆ, ವಸ್ತು ವಾಪಸ್ ತಗೊಳ್ತಾರಾ?

ಪ್ರಶ್ನೆ: ಹತ್ತು ದಿನದ ಹಿಂದೆ ಉಡುಪಿಯಲ್ಲಿ ಮಿಕ್ಸಿ ತಗೊಂಡೆವು. ಎರಡನೇ ಸಲ ದೋಸೆಗೆ ಅರೆಯುವಾಗಲೇ ಸುಟ್ಟ ವಾಸನೆ ಬಂದು ನಿಂತುಹೋಯಿತು. ಬಿಲ್ಲು ಎಲ್ಲಿಟ್ಟೆವೋ ನೆನಪಿಲ್ಲ. ಬಿಲ್ಲಿಲ್ಲದೆ ಆಗುವುದಿಲ್ಲ ಅಂತಾರೆ ಅಂಗಡಿಯವರು. ಏನು ಮಾಡುವುದು?

ಉತ್ತರ: ಬಿಲ್ಲು ಒಂದು ಸಾಕ್ಷಿ, ಅಷ್ಟೆ. ವಸ್ತು ಅಲ್ಲಿಂದಲೇ ತಂದದ್ದು ಅಂತ ಬೇರೆ ರೀತಿಯಲ್ಲೂ ತೋರಿಸಬಹುದು.

ಒಂದು ಮಳೆಗಾಲದಲ್ಲಿ ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ರೇನ್‌ಕೋಟ್ ತಗೊಂಡಿದ್ದೆ. ಮೊದಲ ದಿನವೇ, ಜ್ಯೋತಿ ಸರ್ಕಲ್ ದಾಟುವಷ್ಟರಲ್ಲಿ ಭುಜದ ಹೊಲಿಗೆಯಿಂದ ನೀರು ಒಳಗೆ. ಬಿಲ್ಲು ಇದ್ದದ್ದು ಅದೇ ಕೋಟಿನ ಜೇಬಲ್ಲಿ. ಬಿಡಿಸಲು ಹೋದರೆ ಕೈಗೆ ಬಂದದ್ದು ಮುದ್ದೆ. ಕೌಂಟರಿನ ಹುಡುಗಿ "ಬಿಲ್ಲು ಇಲ್ದಿದ್ರೆ ಆಗುದಿಲ್ಲ ಸರ್" ಅಂದಳು. ಫೋನಿನಲ್ಲಿ ಯುಪಿಐ ಪಾವತಿ ತೋರಿಸಿದೆ. ದಿನಾಂಕ, ಹೊತ್ತು, ಮೊತ್ತ ಎಲ್ಲ ಇತ್ತು. ಅವಳು ಕಂಪ್ಯೂಟರಿನಲ್ಲಿ ಆ ಸಂಜೆಯ ಬಿಲ್ಲುಗಳನ್ನು ಕೆಳಗೆ ಜಾರಿಸುತ್ತಾ ಹೋದಳು. ಎರಡೇ ನಿಮಿಷಕ್ಕೆ ಸಿಕ್ಕಿತು. ಅಲ್ಲೇ ಇತ್ತಲ್ವಾ ಮಾರಾಯ್ರೆ!

ನೀವೂ ಅದನ್ನೇ ಮಾಡಿ. ಕಾರ್ಡ್ ಉಜ್ಜಿದ್ದರೆ ಬ್ಯಾಂಕಿನ ಮೆಸೇಜ್ ಇರುತ್ತದೆ. ಬಿಲ್ಲು ಮಾಡುವಾಗ ಮೊಬೈಲ್ ನಂಬರ್ ಕೊಟ್ಟಿದ್ದರೆ ಅದರಿಂದಲೂ ಹುಡುಕಬಹುದು. ಸುಮ್ನೆ ಜಗಳಕ್ಕೆ ನಿಲ್ಲಬೇಡಿ, "ಒಂದು ಡುಪ್ಲಿಕೇಟ್ ತೆಗೆದುಕೊಡಿ" ಅಂತ ಕೇಳಿ. ನಗದು ಕೊಟ್ಟಿದ್ದರೆ ಸ್ವಲ್ಪ ಕಷ್ಟ. ಆಗ ಡಬ್ಬ, ಸೀರಿಯಲ್ ನಂಬರ್, ಅಂಗಡಿಯ ಸೀಲು ಹಾಕಿದ ವಾರಂಟಿ ಕಾರ್ಡ್, ಇವನ್ನೆಲ್ಲ ಹಿಡಿದುಕೊಂಡು ಹೋಗಿ.

ಇನ್ನು ಕಾನೂನು. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದೋಷವಿರುವ ವಸ್ತುವನ್ನು ವಾಪಸ್ ತಗೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಹೇಳಿದ ಅವಧಿ ಲೆಕ್ಕಕ್ಕೆ ಬರುತ್ತದೆ. ಅವಧಿಯೇ ಹಾಕಿಲ್ಲವೆಂದರೆ 30 ದಿನ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಬಿಲ್ಲೇ ಕೊಡದೆ ಕಳಿಸಿದವರು ಆಮೇಲೆ "ಬಿಲ್ಲು ತನ್ನಿ" ಅಂದರೆ ನಗಬೇಕಷ್ಟೆ.

ಆದರೆ ಇದೆಲ್ಲ ವಸ್ತು ಕೆಟ್ಟದ್ದಾಗಿದ್ದರೆ ಮಾತ್ರ. ಅತ್ತಿಗೆಗೆ ತಂದ ಚೂಡಿದಾರದ ಬಣ್ಣ ಅವರಿಗೆ ಹಿಡಿಸಲಿಲ್ಲ ಅಂದರೆ ಈ ನಿಯಮ ನೆರವಿಗೆ ಬರುವುದಿಲ್ಲ. ಆಗ ಬದಲಾಯಿಸಿ ಕೊಡುವುದು ಅಂಗಡಿಯವರ ಮರ್ಜಿ. ಟ್ಯಾಗ್ ಕೀಳದೆ, ಒಗೆಯದೆ, ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ ಕೇಳಿದರೆ ಒಪ್ಪುವವರೇ ಜಾಸ್ತಿ.

ನಿಮ್ಮ ಮಿಕ್ಸಿಗೆ ಹತ್ತೇ ದಿನ ಆಗಿದೆ. ಅಂಗಡಿಗೆ ಒಂದು ಪತ್ರ ಅಥವಾ ವಾಟ್ಸಾಪ್ ಮೆಸೇಜ್ ಬರೆದಿಡಿ, ಬರೀ ಬಾಯಿಮಾತು ಬೇಡ. ಆಮೇಲೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ದೂರಿನ ಶುಲ್ಕ ಇಲ್ಲ. ದೂರು ಕೊಡಲು ಎರಡು ವರ್ಷ ಸಮಯ ಇದೆ.

ಮತ್ತೆ, ಡುಪ್ಲಿಕೇಟ್ ಸಿಕ್ಕಿದ ಕೂಡಲೇ ಒಂದು ಫೋಟೊ ತೆಗೆದುಕೊಳ್ಳಿ. ಈ ನುಣುಪು ಕಾಗದದ ಬಿಲ್ಲಿನ ಅಕ್ಷರ ಬಿಸಿಗೆ ಮೂಡುವಂಥದ್ದು, ಪರ್ಸಿನಲ್ಲಿ ಕೆಲವು ತಿಂಗಳು ಇದ್ದರೆ ಮಾಸಿಹೋಗುತ್ತದೆ.