ತೂಕದ ಮಷೀನಿಗೆ ಕಾಣದ ಕೊಬ್ಬು

ನಮ್ಮಕ್ಕ ಮಗನ ಕುತ್ತಿಗೆಗೆ ಕಡಲೆಹಿಟ್ಟು, ನಿಂಬೆರಸ ಹಚ್ಚಿ ಉಜ್ಜುತ್ತಿದ್ದಳು. ಹದಿಮೂರರ ಹುಡುಗ. ಕತ್ತಿನ ಹಿಂದೆ ಮಡಿಕೆ ಬೀಳುವ ಕಡೆ ಮಸಿ ಬಳಿದಂಥ ಕಪ್ಪು ಪಟ್ಟಿ, ಮುಟ್ಟಿದರೆ ಮಖಮಲ್ಲಿನಷ್ಟು ದಪ್ಪ. ‘ಸರಿಯಾಗಿ ಸ್ನಾನ ಮಾಡಲ್ಲ ಇವನು’ ಎಂಬ ಬೈಗುಳ ಬೇರೆ. ಅದು ಕೊಳೆಯಲ್ಲ. ಶುಗರನ್ನು ಹದದಲ್ಲಿಡುವ ಇನ್ಸುಲಿನ್ನಿನ ಮಾತನ್ನು ದೇಹ ಕೇಳದೆ, ಅದು ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಓಡಾಡುತ್ತಿದ್ದರೆ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಅಕಾಂಥೋಸಿಸ್ ನೈಗ್ರಿಕನ್ಸ್ ಎಂದು ಅದಕ್ಕೆ ಹೆಸರು. ಹುಡುಗನ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ‘ಬೆಳೆಯೋ ಮಕ್ಕಳು, ಎತ್ತರ ಆದ್ರೆ ಕರಗುತ್ತೆ ಬಿಡಿ’ ಎಂದು ಮನೆಮಂದಿಯೆಲ್ಲ ಸಮಾಧಾನ ಮಾಡಿಕೊಂಡಿದ್ದೆವು.

ಹೊಟ್ಟೆಯ ಸುತ್ತ ಬೊಜ್ಜು, ಏರಿದ ಬಿಪಿ, ಏರಿದ ಶುಗರ್, ರಕ್ತದಲ್ಲಿ ಹೆಚ್ಚಾದ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಕಡಿಮೆಯಾದ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್. ಈ ಐದರಲ್ಲಿ ಮೂರು ಒಬ್ಬರಲ್ಲೇ ಸೇರಿದರೆ ಸಾಮಾನ್ಯವಾಗಿ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇವು ಜೊತೆಜೊತೆಯಾಗಿ ಬರುತ್ತವೆ ಎಂಬ ಗುಮಾನಿ ಹಳೆಯದು. 1923ರಲ್ಲಿ ಸ್ವೀಡನ್ನಿನ ವೈದ್ಯ ಕೈಲಿನ್ ಬಿಪಿ, ಶುಗರ್ ಮತ್ತು ಗೌಟ್ ಎಂಬ ಕೀಲುಬೇನೆ ಒಟ್ಟಿಗೆ ಕಾಣುವುದನ್ನು ಬರೆದಿಟ್ಟ. 1947ರಲ್ಲಿ ಫ್ರಾನ್ಸಿನ ಮಾರ್ಸೇಯ ಜಾನ್ ವಾಗ್, ಬೊಜ್ಜು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ ಎಂದ. 1988ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್ ಇದಕ್ಕೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟು, ದೇಹ ಇನ್ಸುಲಿನ್ನಿನ ಮಾತು ಕೇಳದಿರುವುದೇ ಇದರ ಬೇರು ಎಂದರು. ಅವರ ಆ ಪಟ್ಟಿಯಲ್ಲಿ ಬೊಜ್ಜು ಇರಲೇ ಇಲ್ಲ. ಸಣಕಲರಲ್ಲೂ ಈ ದೋಷವನ್ನು ಅವರು ನೋಡಿದ್ದರು.

ಇದೆಲ್ಲ ದೊಡ್ಡವರ ಕಾಯಿಲೆ ಎಂದೇ ಬಹುಕಾಲ ನಂಬಿದ್ದರು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಮತ್ತೆ ಕೆದಕಿದಾಗ 12ರಿಂದ 19ರ ವಯಸ್ಸಿನವರಲ್ಲಿ ಶೇ 4ರಷ್ಟು ಮಂದಿಗೆ ಇದು ಕಂಡಿತು. ತೂಕ ಮಿತಿಮೀರಿದವರನ್ನಷ್ಟೇ ತೆಗೆದುಕೊಂಡರೆ ಶೇ 28.7. ಮರುವರ್ಷ ಯೇಲ್ ವಿಶ್ವವಿದ್ಯಾಲಯದ ಸೋನಿಯಾ ಕ್ಯಾಪ್ರಿಯೊ ತಂಡ, ತೀವ್ರ ಬೊಜ್ಜಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದೆ ಎಂದು ವರದಿ ಮಾಡಿತು.

ಆದರೆ 2003ರ ಅಂಕಿಗಳಲ್ಲೇ ಒಂದು ತೊಡಕಿತ್ತು. ಮೆಕ್ಸಿಕನ್ ಮೂಲದ ಹದಿಹರೆಯದವರಲ್ಲಿ ಶೇ 5.6, ಬಿಳಿಯರಲ್ಲಿ ಶೇ 4.8, ಕಪ್ಪು ಜನಾಂಗದವರಲ್ಲಿ ಬರೀ ಶೇ 2. ಕಪ್ಪು ಮಕ್ಕಳೇ ಹೆಚ್ಚು ಆರೋಗ್ಯವಂತರೇ? ಹಾಗಲ್ಲ. ಇನ್ಸುಲಿನ್ನಿಗೆ ಬಗ್ಗದ ಗುಣ ಅವರಲ್ಲಿ ಬಿಳಿಯರಿಗಿಂತ ಹೆಚ್ಚು. ದೊಡ್ಡವರಾದಾಗ ಬಿಪಿ, ಡಯಾಬಿಟಿಸ್ ಕಾಡುವುದೂ ಅವರನ್ನೇ ಹೆಚ್ಚು. ಆದರೆ ಅವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಸಹಜವಾಗಿ ಕಡಿಮೆ, ಎಚ್‌ಡಿಎಲ್ ಹೆಚ್ಚು. ಐದು ಪ್ರಶ್ನೆಗಳಲ್ಲಿ ಎರಡಕ್ಕೆ ಮೊದಲೇ ‘ಇಲ್ಲ’ ಎಂದು ಉತ್ತರ ಬಂದಂತಾಯಿತು. ರೋಗ ಒಳಗಿದ್ದೂ ಮಗು ಲೆಕ್ಕದಿಂದ ತಪ್ಪಿಸಿಕೊಂಡಿತು.

ಲೆಕ್ಕವಾದರೂ ಒಂದೇ ಇತ್ತೇ? ಜರ್ಮನಿಯಲ್ಲಿ ತೂಕ ಹೆಚ್ಚಿದ್ದ 1,205 ಮಕ್ಕಳನ್ನು ಆಗ ಚಾಲ್ತಿಯಲ್ಲಿದ್ದ ಎಂಟು ವ್ಯಾಖ್ಯೆಗಳಿಂದ ಅಳೆದರು. ಒಂದರ ಪ್ರಕಾರ ರೋಗ ಶೇ 6, ಇನ್ನೊಂದರ ಪ್ರಕಾರ ಶೇ 39. ಮಕ್ಕಳು ಅವರೇ, ರಕ್ತ ಅದೇ! ಇಂಥ ಗೊಂದಲ ತಪ್ಪಿಸಲು 2007ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ ಹೊಸ ನಿಯಮ ಮಾಡಿತು. 10ರೊಳಗಿನ ಮಕ್ಕಳಿಗೆ ಈ ಹಣೆಪಟ್ಟಿ ಹಚ್ಚುವಂತಿಲ್ಲ. 10ರಿಂದ 16ರೊಳಗಿನವರ ಸೊಂಟದ ಸುತ್ತಳತೆ ಓರಗೆಯ ನೂರು ಮಕ್ಕಳಲ್ಲಿ 90 ಮಂದಿಯದನ್ನು ಮೀರಿರಬೇಕು, ಜೊತೆಗೆ ಉಳಿದ ನಾಲ್ಕರಲ್ಲಿ ಎರಡು ಇರಬೇಕು.

ನಮ್ಮ ಮಕ್ಕಳ ಕಥೆ ಬೇರೆ ದಾರಿಯಲ್ಲಿ ಬಿಚ್ಚಿಕೊಂಡಿತು, ಅದರಲ್ಲಿ ಮೈಸೂರಿನ ಪಾಲು ದೊಡ್ಡದು. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಹೆರಿಗೆ ಕೋಣೆಯಲ್ಲಿ ಶ್ರದ್ಧೆಯಿಂದ ಅಳೆದು ಬರೆದ ಆ ಕೈಗಳನ್ನು ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ. ತೊಂಬತ್ತರ ದಶಕದಲ್ಲಿ ಸಂಶೋಧಕರು ಆ ಹಳೆಯ ದಾಖಲೆ ಹಿಡಿದು, ಹಾಗೆ ಹುಟ್ಟಿ ನಡುವಯಸ್ಸು ದಾಟಿದವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಡಯಾಬಿಟಿಸ್ ಮಾತ್ರ, ಹುಟ್ಟುವಾಗ ಗಿಡ್ಡಗೆ ಗುಂಡಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಹೆಚ್ಚು ಕಂಡಿತು.

ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಬಸುರಿಯರ ಶುಗರ್ ನೋಡಿದರೆ ನೂರಕ್ಕೆ ಆರು ಮಂದಿಗೆ ಬಸುರಿನ ಡಯಾಬಿಟಿಸ್. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು. ಒಂಬತ್ತೂವರೆ ವರ್ಷಕ್ಕೆ ಇನ್ಸುಲಿನ್ನಿಗೆ ಬಗ್ಗದ ಲಕ್ಷಣವೂ ಕಂಡಿತು. ಬಾಯಿಚಟ, ಮೊಬೈಲು ಎಂದು ಮಕ್ಕಳನ್ನು ಬೈಯುವ ಮೊದಲು ನಾವು ಓದಬೇಕಾದ ದಾಖಲೆ ಇದು.

ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ಪುಣೆ ಸುತ್ತಲ ಹಳ್ಳಿಯ ಕೂಸಿನ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸಿನದು 3.5. ನಮ್ಮ ಕೂಸಿಗೆ ಮಾಂಸಖಂಡ ಕಡಿಮೆ, ಒಳಾಂಗಗಳು ಚಿಕ್ಕವು, ಆದರೆ ಬೆನ್ನಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. 2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮದೇ ದೇಹಗಳನ್ನು ಹೋಲಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಮೈಕೊಬ್ಬು ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಭಾರತದ ವಯಸ್ಕರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಗೆರೆಯನ್ನು ಕೆಳಗಿಳಿಸಿದ್ದರ ಹಿಂದೆ ಇಂಥ ತಿಳಿವಳಿಕೆಯಿದೆ.

2016–18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ನಮ್ಮ ದೇಶದ ಹದಿಹರೆಯದವರಲ್ಲಿ ಶೇ 5ರಷ್ಟು ಮಂದಿಗಷ್ಟೇ ತೂಕ ಹೆಚ್ಚು. ಡಯಾಬಿಟಿಸ್ ಹೊಸ್ತಿಲಲ್ಲಿ ನಿಂತವರು ಶೇ 10, ಟ್ರೈಗ್ಲಿಸರೈಡ್ ಏರಿದವರು ಶೇ 16. ದಪ್ಪಗಿರುವವರನ್ನು ಮಾತ್ರ ಹುಡುಕುತ್ತ ಹೋದರೆ ಇವರಲ್ಲಿ ಎಷ್ಟು ಮಕ್ಕಳು ಕೈಗೆ ಸಿಕ್ಕಾರು? 2017ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹಣೆಪಟ್ಟಿಯ ಹಿಂದೆ ಬೀಳದೆ, ಕಂಡ ಅಪಾಯವನ್ನು ಕಂಡಲ್ಲೇ ಹಿಡಿಯಿರಿ ಎಂದು ಹೇಳಿತು.

ಅಕ್ಕನ ಮಗನ ರಿಪೋರ್ಟು ಬಂದಾಗ ಟ್ರೈಗ್ಲಿಸರೈಡ್ 168, ಎಚ್‌ಡಿಎಲ್ 41, ಬರಿಹೊಟ್ಟೆಯ ಶುಗರ್ 97, ಬಿಪಿ ಸರಿ. 2007ರ ನಿಯಮದಂತೆ ಸೊಂಟ ಒಂದು, ಟ್ರೈಗ್ಲಿಸರೈಡ್ ಒಂದು. ಎಚ್‌ಡಿಎಲ್, ಶುಗರ್ ಗೆರೆಯ ಹತ್ತಿರಕ್ಕೆ ಬಂದು ನಿಂತಿದ್ದವು, ದಾಟಿರಲಿಲ್ಲ. ಆದ್ದರಿಂದ ಸಿಂಡ್ರೋಮ್ ಇಲ್ಲ. ಡಾಕ್ಟರಮ್ಮ ರಿಪೋರ್ಟನ್ನು ಪಕ್ಕಕ್ಕಿಟ್ಟು ಅವನ ಕತ್ತನ್ನು ಬೆಳಕಿಗೆ ತಿರುಗಿಸಿ ನೋಡಿದರು. ‘ನಿಮಗೆ ಬಸುರಿನಲ್ಲಿ ಶುಗರ್ ಇತ್ತೇನಮ್ಮಾ?’ ಎಂದು ಅಕ್ಕನನ್ನು ಕೇಳಿದರು. ಇತ್ತು. ಹೆರಿಗೆಯಾದ ಮೇಲೆ ಅದನ್ನು ಯಾರೂ ಮತ್ತೆ ಕೇಳಿರಲಿಲ್ಲ.