ನಿಯಮ ಕರಡಾಗಿರುವಾಗಲೇ ಹೋಗಿ ಹೇಳಿ

ಪ್ರಶ್ನೆ: ಮನೆ, ನಿವೇಶನ ಮಾರಿಸಿಕೊಡುವುದು ನನ್ನ ಕೆಲಸ. ಊರ ರಾಜಕೀಯಕ್ಕೆ ಕೈಹಾಕಿದರೆ ಅರ್ಧ ಗಿರಾಕಿಗಳು ದೂರವಾಗುತ್ತಾರೆಂಬ ಭಯ. ಆದರೂ ತೊಡಗಬೇಕೇ?

ತೊಡಗಲೇಬೇಕು. ಅದಕ್ಕಾಗಿ ಪಕ್ಷದ ಬಾವುಟ ಹಿಡಿಯಬೇಕಾಗಿಲ್ಲ. ಎಲ್ಲಿ ಅಂಗಡಿ, ಎಲ್ಲಿ ಮನೆ, ಎಷ್ಟು ಅಂತಸ್ತು, ಯಾವ ಬೀದಿಗೆ ಮೊದಲು ಒಳಚರಂಡಿ ಎಂಬುದೆಲ್ಲ ಬಹುಪಾಲು ಸ್ಥಳೀಯ ಆಡಳಿತದ ಮೇಜಿನ ಮೇಲೇ ಇತ್ಯರ್ಥವಾಗುತ್ತದೆ.

ಸೆಟ್‌ಬ್ಯಾಕನ್ನೇ, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗವನ್ನೇ ನೋಡಿ. 40×60 ಅಡಿಯ ನಿವೇಶನದಲ್ಲಿ ಮುಂದೆ 10, ಹಿಂದೆ 6, ಎರಡೂ ಪಕ್ಕ ತಲಾ 5 ಅಡಿ ಬಿಟ್ಟರೆ ಕಟ್ಟಲು ಸಿಗುವುದು 30×44, ಅಂದರೆ 1,320 ಚದರಡಿ. ಹೊಸ ಕರಡು ನಿಯಮ ಮುಂದೆ 15, ಪಕ್ಕಕ್ಕೆ ತಲಾ 8 ಅಡಿ ಬಿಡಿ, ಹಿಂದೆ ಮೊದಲಿನಷ್ಟೇ ಸಾಕು ಅಂದಿತು ಎಂದುಕೊಳ್ಳಿ. ಉಳಿಯುವುದು 24×39, ಅಂದರೆ 936. ಒಂದೊಂದು ಅಂತಸ್ತಿನಲ್ಲೂ 384 ಚದರಡಿ ಹೋಯಿತು: ಎರಡು ಕೋಣೆ, ಒಂದು ಬಚ್ಚಲು. ಗಾಳಿ ಬೆಳಕಿಗೆ ಜಾಗ ಬೇಕೇ ಬೇಕು, ಎಷ್ಟು ಎಂಬುದಷ್ಟೇ ಚರ್ಚೆ. ಆದರೆ ಕಾಗದದ ಮೇಲೆ ಇದು ಬರೀ ಎರಡು ಅಂಕಿಗಳ ತಿದ್ದುಪಡಿ. ಅದರಿಂದ ಯಾವ ಕೋಣೆ ಹೋಗುತ್ತದೆಂದು ಯೋಜನಾ ಸಮಿತಿಯ ಸಭೆಗೆ ತೋರಿಸಬಲ್ಲವರು ನೀವು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಭೆಗೆ ಬರುವವರು ಹೆಚ್ಚಾಗಿ ಅಲ್ಲಿ ಈಗಾಗಲೇ ಮನೆಯಿರುವವರು. ಆ ಬಡಾವಣೆಗೆ ಬರಲು ಆಸೆಪಟ್ಟು, ಕೈಗೆಟುಕದೆ ಹಿಂದಿರುಗಿದವರಿಗೆ ಅಲ್ಲಿ ಮತವೂ ಇಲ್ಲ, ಕುರ್ಚಿಯೂ ಇಲ್ಲ. ಅವರನ್ನು ದಿನವೂ ಭೇಟಿಯಾಗುವವರು ನೀವು.

ತಡವಾದರೆ ಉಳಿಯುವುದು ಕೋರ್ಟು. ಅಮೆರಿಕದ ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರು 1922ರಲ್ಲಿ ಯಾವ ಭಾಗದಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮ ತಂದಾಗ, ಅಲ್ಲಿ 68 ಎಕರೆ ಹೊಂದಿದ್ದ ಆಂಬ್ಲರ್ ರಿಯಾಲ್ಟಿ ದಾವೆ ಹೂಡಿ 1926ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಇದಕ್ಕೆ ಬದಲಾಗಿ, ಅದೇ ದೇಶದ ಹ್ಯೂಸ್ಟನ್ ನಗರ 1998ರಲ್ಲಿ ತನ್ನ ಒಳಭಾಗದಲ್ಲಿ ನಿವೇಶನದ ಕನಿಷ್ಠ ಅಳತೆಯನ್ನು 5,000 ಚದರಡಿಯಿಂದ 1,400ಕ್ಕೆ ಇಳಿಸಿತು. ದೊಡ್ಡ ಅಳತೆಯೇ ಬೇಕೆನ್ನುವ ಬೀದಿಗಳು ಅರ್ಜಿ ಕೊಟ್ಟು ಅದನ್ನು ಉಳಿಸಿಕೊಳ್ಳುವ ದಾರಿಯೂ ಅಲ್ಲಿತ್ತು. ಇಂಥ ಹೊಂದಾಣಿಕೆ ಕರಡಿನ ಹಂತದಲ್ಲೇ ಹುಟ್ಟಬೇಕು.

ಹಾಗಾಗಿ ಮೊದಲು ಯೋಜನಾ ಸಮಿತಿಯ ಕಾರ್ಯಸೂಚಿಯನ್ನು ಪ್ರತಿ ಸಭೆಗೂ ಮುನ್ನ ಓದಿ. ಎರಡು ಮೂರು ಸಭೆಗಳಲ್ಲಿ ಸುಮ್ಮನೆ ಕೂತು, ಯಾವ ಸದಸ್ಯರು ಏನು ಕೇಳುತ್ತಾರೆಂದು ಬರೆದುಕೊಳ್ಳಿ. ಆಕ್ಷೇಪಣೆಯ ಅವಧಿ ಶುರುವಾದ ಕೂಡಲೇ ಒಂದೇ ಪುಟ ಕೊಡಿ: ಕಲಂ ಸಂಖ್ಯೆ, ಒಂದು ನಿವೇಶನದ ನಕ್ಷೆ, ಈಗಿನ ಅಳತೆ, ಮುಂದಿನ ಅಳತೆ, ನೀವು ಸೂಚಿಸುವ ಪದಗಳು. ಮಾತಿಗೆ ಸಿಗುವುದು ಎರಡು ಮೂರು ನಿಮಿಷ. ನಕ್ಷೆ ತೋರಿಸಿ, ಅಂಕಿ ಹೇಳಿ, ಕೂತುಬಿಡಿ.

ಕೆಡುವುದು ಎಲ್ಲಿ? ಮತದ ದಿನವೇ ಮೊದಲ ಬಾರಿ ಮುಖ ತೋರಿಸಿದರೆ. ನಲವತ್ತು ಜನ ಒಂದೇ ಒಕ್ಕಣೆಯ ಪತ್ರ ಕೊಟ್ಟರೆ ಅದನ್ನು ಒಂದೇ ಪತ್ರವೆಂದು ಎಣಿಸುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಸಾರ್ವಜನಿಕ ಹಿತದ ಹೆಸರಲ್ಲಿ ಸ್ವಂತ ಫೈಲು ತಳ್ಳುವುದು. ಆ ವಲಯದಲ್ಲಿ ನಿಮ್ಮದೋ ನಿಮ್ಮ ಗಿರಾಕಿಯದೋ ಜಮೀನಿದ್ದರೆ ಮೊದಲ ವಾಕ್ಯದಲ್ಲೇ ಹೇಳಿ. ನೀವೇ ಸಮಿತಿಯ ಸದಸ್ಯರಾಗಿದ್ದರೆ ಅದನ್ನು ಲಿಖಿತವಾಗಿ ತಿಳಿಸಿ, ಚರ್ಚೆ ಮತ ಎರಡರಿಂದಲೂ ಹೊರಗೆ ಬನ್ನಿ. ಒಳಗೆ ತಿಳಿದ ರಸ್ತೆ ಯೋಜನೆಯನ್ನು ನಂಬಿ ಜಾಗ ಕೊಳ್ಳುವುದು ದ್ರೋಹ.

ಗಿರಾಕಿಗಳ ಭಯಕ್ಕೆ ಮದ್ದು ಆ ಒಂದು ಪುಟದಲ್ಲೇ ಇದೆ. ಅದರಲ್ಲಿ ಪಕ್ಷವಿಲ್ಲ, ಅಳತೆಯಿದೆ. ಎಲ್ಲ ಸದಸ್ಯರಿಗೂ ಅದೇ ಪುಟ ಕೊಡಿ. ಯಾರಾದರೂ ಕೇಳಿದರೆ ಅದನ್ನೇ ಅವರ ಕೈಗೂ ಕೊಡಿ.