ಆರು ತಿಂಗಳು ದಾಟಿದ ಮಗು: ಗಲಾಟೆ ಬೇರೆ, ಗಾಬರಿ ಬೇರೆ

ಮೊದಲ ಆರು ತಿಂಗಳು ಅಪ್ಪ ಅಮ್ಮ ನನ್ನ ಮುಂದೆ ಕೂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಹಾಲು ಸಾಲುತ್ತಿದೆಯಾ, ಯಾಕಿಷ್ಟು ಕಕ್ಕುತ್ತೆ, ಮೋಷನ್ ಯಾಕೆ ಈ ಬಣ್ಣ. ಏಳನೇ ತಿಂಗಳು ಹಿಡಿಯಿತು ಅಂದರೆ ದನಿಯೇ ಬದಲಾಗುತ್ತದೆ. "ಚೆನ್ನಾಗೇ ಇತ್ತು ಡಾಕ್ಟ್ರೇ, ಈಗ ಏನೋ ಆಗಿದೆ." ತೂಕ ಮೊದಲಿನ ಹಾಗೆ ಏರುತ್ತಿಲ್ಲ. ಚಮಚ ಕಂಡರೆ ಬಾಯಿ ಬಿಗಿ. ರಾತ್ರಿ ಮಲಗುತ್ತಿದ್ದ ಮಗು ಮೂರು ಸಲ ಎದ್ದು ಅಳುತ್ತದೆ. ತಿಂಗಳ ಹಿಂದೆ ಎಲ್ಲರ ಕೈಗೂ ಹೋಗುತ್ತಿದ್ದದ್ದು ಈಗ ಅಜ್ಜಿಯನ್ನು ಕಂಡರೂ ಕಿರುಚುತ್ತದೆ, ಅಜ್ಜಿಗೆ ಬೇಜಾರು.

ಮಕ್ಕಳ ಡಾಕ್ಟರಾಗಿ ನನಗೆ ಅನ್ನಿಸಿರುವುದು ಇಷ್ಟು. ಈ ಆರು ತಿಂಗಳಲ್ಲಿ ಗಲಾಟೆ ಮಾಡಿಕೊಂಡು ಬರುವ ತೊಂದರೆಗಳಲ್ಲಿ ಬಹುಪಾಲು ತೊಂದರೆಗಳೇ ಅಲ್ಲ, ಮಗು ಮುಂದಕ್ಕೆ ಹೋಗುತ್ತಿರುವುದರ ಗುರುತು. ನಿಜವಾಗಿ ಗಾಬರಿಯಾಗಬೇಕಾದವು ಅನೇಕ ಸಲ ಸದ್ದೇ ಮಾಡುವುದಿಲ್ಲ. ಹಾಗಾಗಿ ಅವುಗಳ ಬಗ್ಗೆ ಯಾರೂ ಕೇಳುವುದೂ ಇಲ್ಲ.

ತೂಕದಿಂದಲೇ ಶುರು ಮಾಡೋಣ, ಯಾಕಂದ್ರೆ ಮನೆಯಲ್ಲಿ ಜಗಳ ಶುರುವಾಗುವುದೂ ಅಲ್ಲಿಂದಲೇ. ತಿಂಗಳು ತುಂಬಿ ಹುಟ್ಟಿದ ಮಗು ಸುಮಾರು ಐದು ತಿಂಗಳಿಗೆ ಹುಟ್ಟಿದಾಗಿನ ತೂಕದ ಎರಡರಷ್ಟಾಗುತ್ತದೆ. ಮೂರರಷ್ಟಾಗುವುದು ವರ್ಷ ತುಂಬುವ ಹೊತ್ತಿಗೆ. 3 ಕಿಲೋ ಇದ್ದ ಮಗುವಿನ ಲೆಕ್ಕ ಹಾಕಿ: ಮೊದಲ ಮೂರು ಕಿಲೋ ಬರಲು ಐದು ತಿಂಗಳು, ಮುಂದಿನ ಮೂರು ಕಿಲೋಗೆ ಏಳು ತಿಂಗಳು. ಅಂದರೆ ವೇಗ ಕಡಿಮೆಯಾಗಲೇಬೇಕು. ಬೆಳವಣಿಗೆಯ ಚಾರ್ಟಿನಲ್ಲಿ ವಯಸ್ಸಿಗೆ ತಕ್ಕ ತೂಕ ತೋರಿಸುವ ಗೆರೆಗಳು ಇಲ್ಲಿ ಬಾಗಿರುವುದೂ ಅದಕ್ಕೇ. ಜೊತೆಗೆ ಮೊದಲು ಸುಮ್ನೆ ಮಲಗಿರುತ್ತಿದ್ದ ಜೀವ ಈಗ ಇಡೀ ದಿನ ಮಗುಚಿ, ತೆವಳಿ, ಏನಾದರೂ ಹಿಡಿದು ಎದ್ದು ನಿಲ್ಲುತ್ತಿರುತ್ತದೆ, ತಿಂದದ್ದರಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ನಾನು ನೋಡುವುದು ಈ ತಿಂಗಳ ಅಂಕಿಯನ್ನಲ್ಲ, ಮಗು ತನ್ನದೇ ಗೆರೆಯ ಹತ್ತಿರ ಸಾಗುತ್ತಿದೆಯಾ ಅನ್ನುವುದನ್ನು. ಒಂದಾದ ಮೇಲೆ ಒಂದು ಗೆರೆ ದಾಟಿ ಕೆಳಗಿಳಿಯುತ್ತಿದ್ದರೆ, ಅಥವಾ ಇದ್ದ ತೂಕವೇ ಇಳಿದರೆ, ಆಗ ಮಾತು ಬೇರೆ.

ಈ ಲೆಕ್ಕ ಗೊತ್ತಿಲ್ಲದೆ ಹೋದರೆ ಏನಾಗುತ್ತದೆ ಅಂದರೆ, ಊಟ ಯುದ್ಧವಾಗುತ್ತದೆ. ಒಬ್ಬರು ಕೈ ಹಿಡಿದುಕೊಳ್ಳುವುದು, ಇನ್ನೊಬ್ಬರು ಮೊಬೈಲ್ ತೋರಿಸುವುದು, ಮಗು ಬಾಯಿ ಬಿಟ್ಟ ಕ್ಷಣ ಚಮಚ ತುರುಕುವುದು. ತುತ್ತೇನೋ ಒಳಗೆ ಹೋಗುತ್ತದೆ. ಆದರೆ ಹಸಿವು ಅಂದರೇನು, ಸಾಕು ಅಂದರೇನು ಅಂತ ಮಗುವಿಗೆ ತಾನಾಗಿಯೇ ಗೊತ್ತಿತ್ತಲ್ಲ, ಅದು ಕೆಡುತ್ತದೆ. ಮುಖ ತಿರುಗಿಸಿತು ಅಂದರೆ ಸಾಕು ಅಂತ ಅರ್ಥ, ಅಷ್ಟೇ. ಇನ್ನೊಂದು ಹೊತ್ತಿಗೆ ಮತ್ತೆ ಕೊಟ್ಟರಾಯಿತು.

ಎಷ್ಟು ಕೊಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎದೆಹಾಲು ಕುಡಿಯುವ ಮಗುವಿಗೆ 6ರಿಂದ 8 ತಿಂಗಳಲ್ಲಿ ಆಹಾರದಿಂದ ಸಿಗಬೇಕಾದ್ದು ದಿನಕ್ಕೆ ಸುಮಾರು 200 ಕ್ಯಾಲೊರಿ, 9ರಿಂದ 11 ತಿಂಗಳಲ್ಲಿ ಸುಮಾರು 300. ಮಿಕ್ಕಿದ್ದೆಲ್ಲ ಹಾಲಿನಿಂದ. ಶುರುವಿನಲ್ಲಿ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಹೊತ್ತು. ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಹೊತ್ತು, ಹೊತ್ತಿಗೆ ಅರ್ಧ ಬಟ್ಟಲು. ಇದಕ್ಕಿಂತ ದೊಡ್ಡ ಬಟ್ಟಲು ಹಿಡಿದು ಮಗುವಿನ ಹಿಂದೆ ಓಡುತ್ತಿದ್ದರೆ ತಪ್ಪು ಮಗುವಿನದಲ್ಲ. ಪ್ರಮಾಣಕ್ಕಿಂತ ನನಗೆ ಮುಖ್ಯವಾದದ್ದು ಗಟ್ಟಿತನ. ಚಮಚ ಓರೆ ಮಾಡಿದರೆ ನೀರಿನ ಹಾಗೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ತೆಳ್ಳಗೆ ಮಾಡಿ ಕೊಟ್ಟರೆ ಮಗು ಸಲೀಸಾಗಿ ನುಂಗುತ್ತದೆ ನಿಜ, ಆದರೆ ಆ ಪುಟ್ಟ ಹೊಟ್ಟೆ ತುಂಬಿದ್ದು ನೀರಿನಿಂದ. ಇನ್ನೊಂದು, ಮಿಕ್ಸಿಗೆ ಹಾಕಿ ನುಣ್ಣಗೆ ಮಾಡುವುದನ್ನು ಒಂಬತ್ತು ತಿಂಗಳ ಹೊತ್ತಿಗೆ ಬಿಡಿ. ಬೆರಳಿನಿಂದ ಹಿಸುಕಿದ್ದು, ಸಣ್ಣ ಮೆತ್ತನೆ ತುಂಡು, ಕೈಯಲ್ಲಿ ಹಿಡಿದು ತಿನ್ನುವಂಥದ್ದು ಬರಬೇಕು. ಅಗಿಯುವುದನ್ನು ತುಂಬಾ ತಡವಾಗಿ ಕಲಿಸಿದ ಮಕ್ಕಳು ಮುಂದೆ ತಿನ್ನಲು ಜಾಸ್ತಿ ತಕರಾರು ಮಾಡುತ್ತಾರೆ. ಹೊಸ ರುಚಿಯನ್ನು ಎರಡು ದಿನ ಉಗುಳಿತು ಅಂತ ಪಟ್ಟಿಯಿಂದ ತೆಗೆದು ಹಾಕಬೇಡಿ, ಎಂಟು ಹತ್ತು ಸಲ ಮುಂದಿಟ್ಟ ಮೇಲೆ ಒಪ್ಪುವುದು ಮಾಮೂಲು. ನೆಲ ಕೊಳಕಾಗುತ್ತದೆ. ಒರೆಸಬೇಕು, ಬೇರೆ ದಾರಿ ಇಲ್ಲ.

ಈಗ ಸದ್ದಿಲ್ಲದ ಮೊದಲನೆಯದು: ಕಬ್ಬಿಣಾಂಶ. ಮಗು ಹುಟ್ಟುವಾಗ ಅಮ್ಮನಿಂದ ಒಂದಿಷ್ಟು ಕಬ್ಬಿಣವನ್ನು ಬುತ್ತಿಯ ಹಾಗೆ ಕಟ್ಟಿಕೊಂಡು ಬಂದಿರುತ್ತದೆ, ಅದರಲ್ಲಿ ಹೆಚ್ಚಿನದು ಬರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಆರು ತಿಂಗಳ ಹೊತ್ತಿಗೆ ಬುತ್ತಿ ಖಾಲಿಯಾಗುತ್ತಾ ಬರುತ್ತದೆ. ಅವಧಿಗೆ ಮೊದಲೇ ಹುಟ್ಟಿದ್ದರೆ ಇನ್ನೂ ಬೇಗ. ಎದೆಹಾಲಿನಲ್ಲಿ ಇರುವ ಕಬ್ಬಿಣ ಸ್ವಲ್ಪವೇ, ಚೆನ್ನಾಗಿ ಹೀರಿಕೊಂಡರೂ ಈಗ ಅದು ಸಾಲದು. ಅಮೆರಿಕದ ಶಿಫಾರಸಿನಲ್ಲಿ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕು ಅಂತಿದೆ. ದೊಡ್ಡ ಗಂಡಸಿಗೆ ಅದೇ ಪಟ್ಟಿಯಲ್ಲಿ ಇರುವುದು 8. ಎಂಟು ಕಿಲೋ ತೂಕದ ಮಗುವಿಗೆ ಅಪ್ಪನಿಗಿಂತ ಜಾಸ್ತಿ ಕಬ್ಬಿಣ ಬೇಕು ಅಂದಾಗ ಯಾರೂ ನಂಬುವುದಿಲ್ಲ. ಆದರೆ ಮಿದುಳು ಭರದಿಂದ ಬೆಳೆಯುತ್ತಿರುವ ಕಾಲ ಇದು, ಕೊರತೆಯಾದರೆ ಏಟು ಬೀಳುವುದು ಅಲ್ಲಿಗೂ. ಮಗು ಅಳುವುದಿಲ್ಲ, ಜ್ವರ ಬರುವುದಿಲ್ಲ. ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಸ್ವಲ್ಪ ಮಂಕಾಗಿರುತ್ತದೆ. "ತುಂಬಾ ಸಾಧು ಮಗು" ಅಂತ ಹೊಗಳಿಸಿಕೊಂಡ ಕೆಲವರ ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿ ನಾನೇ ಬೆಚ್ಚಿದ್ದೇನೆ.

ಹಾಗಾಗಿ ಮೊದಲ ಆಹಾರ ಬರೀ ಹಣ್ಣು, ಬರೀ ಅನ್ನದ ಗಂಜಿ ಆಗದಿರಲಿ. ಬೇಳೆಕಾಳು, ಮೊಟ್ಟೆ, ತಿನ್ನುವವರಾದರೆ ಮಾಂಸ ಮೀನು, ಇವು ಊಟ ಶುರು ಮಾಡಿದ ಮೊದಲ ತಿಂಗಳಿನಿಂದಲೇ ಬರಲಿ. ಜೊತೆಗೆ ಸಿ ವಿಟಮಿನ್ ಇರುವ ಹಣ್ಣೋ ತರಕಾರಿಯೋ ಇದ್ದರೆ ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಬ್ಬಿಣದ ಡ್ರಾಪ್ಸ್ ಬೇಕಾ ಅಂತ ನಿಮ್ಮ ಡಾಕ್ಟರನ್ನು ನೀವಾಗಿಯೇ ಕೇಳಿ. ವರ್ಷ ತುಂಬುವ ತನಕ ಹಸುವಿನ ಹಾಲನ್ನು ಮುಖ್ಯ ಪಾನೀಯ ಮಾಡಬೇಡಿ, ಅದರಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಸಾಲದ್ದಕ್ಕೆ ಕೆಲವು ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವಂತೆ ಮಾಡುತ್ತದೆ. ಅಡುಗೆಗೆ ಸ್ವಲ್ಪ ಹಾಕಿದರೆ ಪರವಾಗಿಲ್ಲ. ಜೇನುತುಪ್ಪ ಮಾತ್ರ ಒಂದು ಹನಿಯೂ ಬೇಡ. ಅದರಲ್ಲಿ ಬಾಟುಲಿಸಂ (ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ) ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಈ ವಯಸ್ಸಿನದು ತಡೆಯಲಾರದು. ಉಪ್ಪು, ಸಕ್ಕರೆ, ಜ್ಯೂಸ್ ಕೂಡ ಬೇಡ.

ಅಲರ್ಜಿಯ ವಿಷಯದಲ್ಲಿ ನಾವು ಡಾಕ್ಟರುಗಳೇ ಮಾತು ಬದಲಿಸಿದ್ದೇವೆ, ಒಪ್ಪಿಕೊಳ್ಳಬೇಕು. ಕಡಲೆಕಾಯಿ, ಮೊಟ್ಟೆ ತಡವಾಗಿ ಕೊಡಿ ಅನ್ನುತ್ತಿದ್ದ ಕಾಲ ಇತ್ತು. 2015ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಅದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಜಾಸ್ತಿ ಇದ್ದ 640 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ 4ರಿಂದ 11 ತಿಂಗಳ ಒಳಗೇ ಕಡಲೆಕಾಯಿ ಕೊಡಲು ಶುರು ಮಾಡಿದರು, ಐದು ವರ್ಷ ತುಂಬುವ ಹೊತ್ತಿಗೆ ಅವರಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಶೇಕಡ 80ರಷ್ಟು ಕಡಿಮೆ ಇತ್ತು. ಈಗ ನಾವು ಹೇಳುವುದು ಬೇಗ ಕೊಡಿ ಅಂತ. ಆದರೆ ಇಡೀ ಬೀಜ ಅಲ್ಲ, ನುಣ್ಣಗೆ ಅರೆದು ಊಟಕ್ಕೆ ಕಲಸಿ. ಮೈಮೇಲೆ ಜಾಸ್ತಿ ಎಕ್ಸಿಮಾ (ಕೆಂಪಗೆ, ಒಣಗಿ ತುರಿಸುವ ಚರ್ಮದ ತೊಂದರೆ) ಇದ್ದರೆ, ಅಥವಾ ಮೊಟ್ಟೆಗೆ ಆಗಲೇ ಅಲರ್ಜಿಯಾಗಿದ್ದರೆ, ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಇಡೀ ಬೀಜ ಅಂದಾಗ ನೆನಪಾಯಿತು. ಗಟ್ಟಿ ಊಟ ಕಲಿಯುವ ಮಗು ಓಕರಿಸುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು, ಕೆಮ್ಮು, ಸದ್ದು. ನೋಡುವವರ ಜೀವ ಬಾಯಿಗೆ ಬರುತ್ತದೆ, ಆದರೆ ಅದು ಮಗು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರುವ ರೀತಿ, ಸುಮ್ನೆ ಪಕ್ಕದಲ್ಲಿರಿ. ಉಸಿರುನಾಳಕ್ಕೆ ನಿಜವಾಗಿ ಸಿಕ್ಕಿಕೊಂಡರೆ ಸದ್ದೇ ಬರುವುದಿಲ್ಲ. ಕೆಮ್ಮಲಾಗುವುದಿಲ್ಲ, ಅಳಲಾಗುವುದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ಮಗುವನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವ ಹಾಗೆ ಹಿಡಿದು, ಅಂಗೈಯ ಬುಡದಿಂದ ಎರಡು ಭುಜದ ನಡುವೆ 5 ಸಲ ಬಲವಾಗಿ ಹೊಡೆಯಿರಿ. ಬರಲಿಲ್ಲವಾ, ಅಂಗಾತ ತಿರುಗಿಸಿ ಎದೆಯ ನಡುಮೂಳೆಯನ್ನು 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಎದೆ. ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ. ಒಂದು ವರ್ಷದೊಳಗಿನ ಮಗುವಿನ ಹೊಟ್ಟೆ ಒತ್ತಬಾರದು, ಕಣ್ಣಿಗೆ ಕಾಣದ್ದನ್ನು ತೆಗೆಯಲು ಬಾಯಿಗೆ ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ. ಓದಿದರೆ ಸಾಲದು, ಎಲ್ಲಾದರೂ ತರಬೇತಿ ಸಿಕ್ಕರೆ ಅಜ್ಜಿ ತಾತನನ್ನೂ ಕರೆದುಕೊಂಡು ಹೋಗಿ ಕಲಿಯಿರಿ. ಒಂಬತ್ತು ತಿಂಗಳ ಹೊತ್ತಿಗೆ ಹೆಬ್ಬೆರಳು ತೋರುಬೆರಳು ಸೇರಿಸಿ ಪುಟ್ಟ ವಸ್ತುಗಳನ್ನು ಹೆಕ್ಕಲು ಕಲಿಯುತ್ತದೆ, ಹೆಕ್ಕಿದ್ದೆಲ್ಲ ಬಾಯಿಗೆ. ನಾಣ್ಯದಂಥ ಚಪ್ಪಟೆ ಬ್ಯಾಟರಿ ನುಂಗಿತು ಅಂತ ಅನುಮಾನ ಬಂದರೂ ಕಾಯಬೇಡಿ, ಅದು ಅನ್ನನಾಳವನ್ನು ಸುಡಲು ಎರಡು ಗಂಟೆ ಸಾಕು.

ರಾತ್ರಿಯ ಅಳು. ಮೊದಲು ಕಣ್ಣಿಂದ ಮರೆಯಾದದ್ದು ಮಗುವಿನ ಮಟ್ಟಿಗೆ ಇರಲೇ ಇಲ್ಲ. ಈಗ ಅಮ್ಮ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ತಿಳಿಯುತ್ತದೆ. ಆದರೆ ವಾಪಸ್ ಬರುತ್ತಾಳಾ ಅಂತ ಗೊತ್ತಿಲ್ಲ. ಅರ್ಧ ತಿಳಿದವರ ಸಂಕಟ ಇದು, ಅಲ್ವಾ? ಅಜ್ಜಿಯನ್ನು ಕಂಡು ಕಿರುಚುವುದೂ ಇದೇ ಬುದ್ಧಿಯ ಇನ್ನೊಂದು ಮುಖ: ದಿನಾ ನೋಡುವ ಮುಖ ಯಾವುದು, ಅಪರೂಪಕ್ಕೆ ಬರುವ ಮುಖ ಯಾವುದು ಅಂತ ಬೇರೆ ಮಾಡಲು ಬಂದಿದೆ. ಅಜ್ಜಿ ಬಂದ ತಕ್ಷಣ ಎತ್ತಿಕೊಳ್ಳದೆ ಸ್ವಲ್ಪ ದೂರ ಕೂತು ಆಟವಾಡಿದರೆ ಮಗುವೇ ಬರುತ್ತದೆ. ಆಚೆ ಹೋಗುವಾಗ ಕದ್ದು ಹೋಗಬೇಡಿ. ಅಳಲಿ, ಹೇಳಿಯೇ ಹೋಗಿ. ಮುಖ ಮುಚ್ಚಿ ತೆರೆಯುವ ಆಟ ಈ ವಯಸ್ಸಿಗೆ ಅಷ್ಟೊಂದು ಇಷ್ಟ ಯಾಕೆ ಅಂತ ಈಗ ಗೊತ್ತಾಯಿತಲ್ಲ, ಹೋದವರು ಬರುತ್ತಾರೆ ಅನ್ನುವ ಪಾಠ ಅದು. ನಿದ್ದೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ಆಗುತ್ತಿದ್ದರೆ ಸಾಕು. ಮಲಗಿಸುವುದು ವರ್ಷದ ತನಕ ಅಂಗಾತವಾಗಿಯೇ. ಹಾಗೆ ಮಲಗಿಸಿದ ಮೇಲೆ ತಾನೇ ಮಗುಚಿಕೊಂಡರೆ ರಾತ್ರಿಯೆಲ್ಲ ಎದ್ದು ತಿರುಗಿಸುತ್ತಾ ಕೂರುವುದು ಬೇಡ.

ಪಕ್ಕದ ಮನೆಯ ಮಗು ಅಂಬೆಗಾಲಿಡುತ್ತಿದೆ, ನಮ್ಮದು ಇಲ್ಲ ಅನ್ನುವುದು ಇನ್ನೊಂದು ದೂರು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ತಾನೇ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಎಷ್ಟು ಅಂತರ ನೋಡಿ. ಶೇಕಡ 4ರಷ್ಟು ಮಕ್ಕಳು ಅಂಬೆಗಾಲೇ ಇಡಲಿಲ್ಲ, ಆದರೂ ನಡೆದರು. ಬೇಗ ನಡೆಯಲಿ ಅಂತ ಚಕ್ರದ ವಾಕರ್ ತರುವವರಿಗೆ ನನ್ನದು ಒಂದೇ ಮಾತು: ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿನಿಂದ ಉರುಳುವುದು, ಬಿಸಿ ಪಾತ್ರೆಗೆ ಕೈ ಎಟುಕುವುದು ಮಾತ್ರ ಬೇಗ ಆಗುತ್ತದೆ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿತು. ಮಗುವಿಗೆ ಬೇಕಾಗಿರುವುದು ನೆಲ.

ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ, ಕೈಗೆ ಸಿಕ್ಕಿದ್ದನ್ನು ಕಚ್ಚುವುದು ಎಲ್ಲ ಸರಿ. ಆದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವನ್ನು ಹಲ್ಲಿನ ತಲೆಗೆ ಕಟ್ಟಬೇಡಿ. ಅಮ್ಮನಿಂದ ಬಂದ ರಕ್ಷಣೆ ಕರಗಿ, ಮಗು ಎಲ್ಲವನ್ನೂ ಬಾಯಿಗೆ ಹಾಕುವ ಕಾಲವೂ ಇದೇ. ಸೋಂಕು ಬಂದೇ ಬರುತ್ತದೆ. ಅದರಲ್ಲೂ ಮೂತ್ರದ ಸೋಂಕಿಗೆ ಈ ವಯಸ್ಸಿನಲ್ಲಿ ಜ್ವರ ಬಿಟ್ಟರೆ ಬೇರೆ ಗುರುತೇ ಇಲ್ಲದಿರಬಹುದು, "ಹಲ್ಲು ಬರ್ತಿದೆ" ಅಂತ ವಾರ ಕಳೆದು ಬಂದವರನ್ನು ನೋಡಿದ್ದೇನೆ. ಭೇದಿಯಾದರೆ ಓಆರ್‌ಎಸ್ ಕೊಡುತ್ತಾ ಹಾಲೂ ಊಟವೂ ಮುಂದುವರಿಸಿ. ಎಷ್ಟು ಸಲ ಭೇದಿ ಅಂತ ಎಣಿಸುವುದಕ್ಕಿಂತ ಎಷ್ಟು ಸಲ ಉಚ್ಚೆ ಹೊಯ್ದಿದೆ ಅಂತ ಎಣಿಸಿ. ಆರೆಂಟು ಗಂಟೆ ಒಣಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ ತಕ್ಷಣ ಹೊರಡಿ.

ಒಂಬತ್ತು ತಿಂಗಳಿಗೆ ಲಸಿಕೆಗೋ ತಪಾಸಣೆಗೋ ಬರುತ್ತಾರಲ್ಲ, ಆಗ ತೂಕ ನೋಡಿ ಮುಗಿಸದೆ ನಾನು ಇನ್ನೊಂದಿಷ್ಟು ಕೇಳುತ್ತೇನೆ. ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಾ? ಬ-ಬ-ಬ, ದ-ದ-ದ ಅಂತ ಜೋಡಿಸಿ ಹೇಳುತ್ತಾ? ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳ ಹಾಗೆಯೇ ಕೂಗಾಡುತ್ತದೆ, ವ್ಯತ್ಯಾಸ ಗೊತ್ತಾಗುವುದು ಈ ಜೋಡಿ ಅಕ್ಷರಗಳು ಬರಬೇಕಾದ ಹೊತ್ತಿಗೆ. ಹುಟ್ಟಿದಾಗ ಮಾಡಿದ ಪರೀಕ್ಷೆ ಸರಿಯಿತ್ತು ಅಂದರೂ ಮತ್ತೆ ಮಾಡಿಸುತ್ತೇನೆ. ಎರಡೂ ಕೈ ಒಂದೇ ಥರ ಬಳಸುತ್ತಾ? "ನಮ್ಮದು ಎಡಚ ಡಾಕ್ಟ್ರೇ" ಅಂತ ಖುಷಿಯಿಂದ ಹೇಳುತ್ತಾರೆ, ಆದರೆ ವರ್ಷದೊಳಗೆ ಯಾವ ಮಗುವೂ ಒಂದೇ ಕೈಗೆ ಅಂಟಿಕೊಳ್ಳಬಾರದು, ಅಂಟಿಕೊಂಡರೆ ಇನ್ನೊಂದು ಕೈಯಲ್ಲಿ ಏನಿದೆ ಅಂತ ನೋಡಬೇಕು. ಕೊನೆಗೆ ಕೇಳುವುದು, ಹೋದ ತಿಂಗಳು ಮಾಡುತ್ತಿದ್ದದ್ದು ಯಾವುದಾದರೂ ಈಗ ಪೂರ್ತಿ ನಿಂತಿದೆಯಾ, ನಗು, ನೋಟ, ದನಿ, ಕೂರುವುದು, ಏನೇ ಆಗಲಿ. ಇದಕ್ಕೆ ಹೌದು ಅಂದರೆ ಮಗು ಎಷ್ಟೇ ದುಂಡಗಿರಲಿ, ಆ ದಿನವೇ ಮುಂದಿನ ಪರೀಕ್ಷೆಗೆ ಬರೆದುಕೊಡುತ್ತೇನೆ.